ಮಾವ ರೈಟ್ ಅನ್ನದೆ

ನಮ್ಮ ಮಾವ ಮೂವತ್ತು ವರ್ಷ ಸಿಟಿ ಬಸ್ಸಿನಲ್ಲಿ ಕಂಡಕ್ಟರ್ ಆಗಿದ್ದವರು. ನಿವೃತ್ತಿಯಾದಾಗ ಚೀಲ, ಸೀಟಿ ಎರಡನ್ನೂ ಬಸ್ಸಿನ ಧಣಿಗೆ ಒಪ್ಪಿಸಿ, ‘ರೈಟ್’ ಎಂಬ ಶಬ್ದವನ್ನು ಮಾತ್ರ ಮನೆಗೆ ತಂದರು. ಸೊಸೆಯಾಗಿ ಬಂದ ಹೊಸತರಲ್ಲಿ ನನಗೆ ತಲೆ ಕೆಟ್ಟು ಹೋಗಿತ್ತು. ಸಾರು ಸಾಕು ಎನ್ನಲು ರೈಟ್. ಫೋನ್ ಇಡಲು ರೈಟ್. ನಿನ್ನ ಪುರಾಣ ಸಾಕು, ಎದ್ದು ಹೋಗು ಎನ್ನುವುದಕ್ಕೆ ಸ್ವಲ್ಪ ಎಳೆದು, ರೈ...ಟ್. ಆರತಿ ಮುಗಿಸಿ ಗಂಟೆ ಕೆಳಗಿಟ್ಟ ಮೇಲೂ ಅದನ್ನೇ ಹೇಳುತ್ತಿದ್ದರು. ದೇವರೂ ಮುಂದಿನ ಸ್ಟಾಪಿಗೆ ಹೊರಡಬೇಕು!

ಎಲ್ಲಕ್ಕಿಂತ ದೊಡ್ಡದು ಅನುಮತಿಯ ರೈಟ್. ಕಂಡಕ್ಟರ್ ರೈಟ್ ಎನ್ನದೆ ಡ್ರೈವರ್ ಬಸ್ಸು ಬಿಡುವುದಿಲ್ಲವಲ್ಲ, ಹಾಗೆಯೇ ಮಾವ ಹೇಳದೆ ಕೂಳೂರಿನ ನಮ್ಮ ಮನೆಯಿಂದ ಯಾರೂ ಹೊರಡುವಂತಿರಲಿಲ್ಲ.

ಕಳೆದ ವರ್ಷ ಅತ್ತೆಯ ಅಕ್ಕನಿಗೆ ಅತ್ತಾವರದ ಆಸ್ಪತ್ರೆಯಲ್ಲಿ ಹೃದಯದ ಆಪರೇಷನ್. ಹನ್ನೊಂದಕ್ಕೆ ಒಳಗೆ ಕರೆದೊಯ್ಯುವ ಮೊದಲು ಒಮ್ಮೆ ಮುಖ ನೋಡಬೇಕೆಂದು ಅತ್ತೆ ಬೆಳಗ್ಗೆಯೇ ಸೀರೆ ಉಟ್ಟು ಕುಳಿತಿದ್ದರು. ಮಾವ ಮಾತ್ರ ರೈಟ್ ಎನ್ನದೆ ಜಗಲಿಯಲ್ಲಿ ಪೇಪರ್ ಬಿಡಿಸಿ ಕುಳಿತರು. ಆ ಅಕ್ಕನ ಮಗಳ ಮದುವೆಯಲ್ಲಿ ಮಾವನನ್ನು ಮೂರನೇ ಪಂಕ್ತಿಗೆ ಕೂರಿಸಿದ್ದರಂತೆ, ಅಷ್ಟರಲ್ಲಿ ಪಾಯಸ ಖಾಲಿಯಂತೆ. ಆ ಸಿಟ್ಟಿಗೆ ಆಗಲೇ ಎಂಟು ವರ್ಷ.

“ಮಾವ, ಗಂಟೆ ಹತ್ತಾಯ್ತು. ನಾವು ಹೊರಡ್ಲಾ?” ಎಂದೆ. ಪೇಪರ್ ಮಗುಚಿದರು.

“ನೀವೂ ಬನ್ನಿ ಮಾರಾಯ್ರೆ. ಅಕ್ಕ ಬಿಟ್ರೆ ನನಗೆ ತವರಿನವರು ಅಂತ ಯಾರು ಉಂಟು?” ಎಂದು ಅತ್ತೆ ಕಣ್ಣೊರೆಸಿಕೊಂಡರು. ಇನ್ನೊಂದು ಪುಟ ಮಗುಚಿತು. ನನಗೆ ಮೈಯೆಲ್ಲ ಉರಿಯಿತು. ಒಂದು ಲೋಟ ಪಾಯಸಕ್ಕೆ ಇಷ್ಟೆಲ್ಲ ಉಂಟಾ!

ಕಾರು ಸ್ಟಾರ್ಟ್ ಮಾಡಿದೆ. ಅತ್ತೆ ಪಕ್ಕದಲ್ಲಿ ಕುಳಿತರೂ ಜಗಲಿಯ ಕಡೆಗೇ ನೋಡುತ್ತಿದ್ದರು. ನಾನೂ ಬ್ರೇಕಿನ ಮೇಲಿನ ಕಾಲು ತೆಗೆಯಲಿಲ್ಲ, ನನ್ನ ಪೌರುಷವೂ ಅಷ್ಟೇ. ಒಂದು ನಿಮಿಷ ಹೋಯಿತು. ಆಮೇಲೆ ಅತ್ತೆ ಕಿಟಕಿಯಿಂದ ಕೈ ಹೊರಹಾಕಿ, ಬಾಗಿಲಿಗೆ ಪಟಪಟನೆ ಎರಡು ಬಾರಿ ಬಡಿದು, ನೆರೆಮನೆಯವರಿಗೂ ಕೇಳುವಂತೆ, ಬಸ್ಸು ಹೊರಡಿಸುವ ತುಳು ಕಂಡಕ್ಟರನ ಹಾಗೆಯೇ ಕೂಗಿದರು: “ರೈಟ್! ಪೋಯಿ!”

ಗೇಟು ದಾಟಿ ಕನ್ನಡಿಯಲ್ಲಿ ನೋಡುತ್ತೇನೆ, ಮಾವ ಒಂದು ಚಪ್ಪಲಿ ಕಾಲಲ್ಲಿ, ಇನ್ನೊಂದು ಕೈಯಲ್ಲಿ ಹಿಡಿದು, ಬಸ್ಸು ನಿಲ್ಲಿಸುವ ಹಳೆಯ ಕೂಗು ಹಾಕುತ್ತಾ ಓಡಿ ಬರುತ್ತಿದ್ದಾರೆ. “ಹೋಲ್ಡಾನ್! ಹೋಲ್ಡಾನ್!”

“ನಿಲ್ಲಿಸ್ಲಾ ಅತ್ತೆ?”

ಅತ್ತೆ ಹಿಂತಿರುಗಿ ನೋಡಿದರು. ಬೆಳಗ್ಗಿನಿಂದ ಮೊದಲ ಸಲ ಮುಖದಲ್ಲಿ ನಗು ಬಂತು.

“ನಿಲ್ಲಿಸು. ಇಲ್ಲಿ ಬೇಡ, ಸ್ವಲ್ಪ ಮುಂದೆ ಹೋಗಿ ನಿಲ್ಲಿಸು. ಬಸ್ಸನ್ನು ಸ್ಟಾಪ್ ದಾಟಿಸಿ ದಾಟಿಸಿ ನಿಲ್ಲಿಸಿ ಎಷ್ಟು ಜನರನ್ನು ಓಡಿಸಿದ್ದಾರೆ. ಇವತ್ತು ಅವರೂ ಓಡ್ಲಿ.”