ಸೋದರಮಾವ ಇಳಿಸಿದ ಫ್ಲೆಕ್ಸು

ರಾವಂದೂರಿನ ಆಚೆ ನಮ್ಮೂರ ಪಂಚಾಯಿತಿಗೆ ದಾಸಯ್ಯ ಸೇರಿದ್ದು ನೀರು ಬಿಡುವ ಕೆಲಸಕ್ಕೆ. ಆಮೇಲೆ ಕಸದ ಗಾಡಿಯೂ ಅವನ ತಲೆಗೇ ಬಿತ್ತು. ಹಸಿ ಕಸ, ಒಣ ಕಸ ಬೇರೆ ಮಾಡಿಸದೆ ಅವನು ಯಾರ ಬಾಗಿಲನ್ನೂ ದಾಟುತ್ತಿರಲಿಲ್ಲ. 'ಕಸದ ಕಲೆಕ್ಟರ್' ಎಂದು ನಾವು ಗೇಲಿ ಮಾಡಿದರೂ ನಕ್ಕು ಸುಮ್ಮನಾಗುತ್ತಿದ್ದ. ಕಟ್ಟಿಕೊಂಡ ಚರಂಡಿಗೆ ಕೈ ಹಾಕುವವನು ಅವನೇ ತಾನೆ!

ಮದುವೆಯಾಗದ ದಾಸಯ್ಯನಿಗೆ ತನ್ನವರು ಅಂತಿದ್ದದ್ದು ಪಕ್ಕದ ಬೀದಿಯ ಅಕ್ಕ ಚಿಕ್ಕಬೀರಮ್ಮ, ಅವಳ ಒಬ್ಬನೇ ಮಗ ವಸಂತ್. ಹೋದ ವರ್ಷ ವಸಂತ್ ಹುಣಸೂರು ರಸ್ತೆಯಲ್ಲಿ ಬೈಕಿನಿಂದ ಬಿದ್ದು ತೀರಿಕೊಂಡ. ಗೆಳೆಯರು ಬಸ್‌ಸ್ಟ್ಯಾಂಡಿನಲ್ಲಿ ಶ್ರದ್ಧಾಂಜಲಿ ಫ್ಲೆಕ್ಸು ಕಟ್ಟಿದರು. ತಿಥಿ ಮುಗಿದು ತಿಂಗಳುಗಳಾದರೂ ಅದು ಅಲ್ಲೇ ಇತ್ತು. ಡೈರಿಗೆ ಹಾಲು ಹಾಕಿ ಬರುವಾಗೆಲ್ಲ ಚಿಕ್ಕಬೀರಮ್ಮ ಕೈಗೆಟುಕಿದಷ್ಟು ಸೆರಗಿನಿಂದ ಅದರ ಧೂಳು ಒರೆಸುತ್ತಿದ್ದಳು.

ಅಷ್ಟರಲ್ಲಿ, ಊರಿನಲ್ಲಿ ಇನ್ನು ಫ್ಲೆಕ್ಸು ಕೂಡದೆಂದು ಪಂಚಾಯಿತಿ ನಿರ್ಣಯ ಮಾಡಿತು. ನಿರ್ಣಯ ಮಾಡುವವರು ಕುರ್ಚಿಯ ಮೇಲೆ, ಏಣಿ ಹತ್ತುವವನು ದಾಸಯ್ಯ. ಮೊದಲು ಯಾರದನ್ನು ಇಳಿಸುವುದು?

"ಮನೆ ಗೆದ್ದು ಮಾರು ಗೆಲ್ಲು ಅಂತಾರೆ. ನಿನ್ ಅಕ್ಕನ ಮಗಂದೇ ಮೊದ್ಲು ಇಳ್ಸು ಕಣಯ್ಯ," ಎಂದ ಒಬ್ಬ ಸದಸ್ಯ. ಅವನ ಕೆನ್ನೆಗೆ ಬಿಗಿಯುವಷ್ಟು ಸಿಟ್ಟು ಬಂತು ನನಗೆ.

"ಅಕ್ಕ ಮಾತು ಬುಟ್ರೆ ನಂಗ್ಯಾರವ್ರೆ?" ಎನ್ನುತ್ತಲೇ ದಾಸಯ್ಯ ಏಣಿ ಹೊತ್ತ. ಫ್ಲೆಕ್ಸು ಇಳಿಸಿದ, ಮಡಚಿದ, ರೂಢಿಯಂತೆ ಒಣ ಕಸದ ಮೂಟೆಗೆ ತುಂಬಿದ. ಮಧ್ಯಾಹ್ನ ಲಾರಿ ಬಂದು ಮೂಟೆಗಳನ್ನು ಸಿಮೆಂಟ್ ಫ್ಯಾಕ್ಟರಿಗೆ ಒಯ್ದಿತು.

ಸಂಜೆ ಅಕ್ಕ ಅವನ ಮನೆಗೆ ಬಂದಳು. ಜಗಳವಾದೀತೆಂದು ಪಕ್ಕದ ಮನೆಯ ನಾನೂ ಹಿಂದೆಯೇ ಹೋದೆ.

"ಇಳ್ಸಿದ್ದು ಸರಿ ಬುಡು ಕಣ್ಲಾ. ಬಿಸ್ಲಲ್ಲಿ ಒಣಗ್ತಿತ್ತು ನನ್ ಕೂಸು. ಕೊಡು, ಒಳಗೆ ಗ್ವಾಡೆಗೆ ಕಟ್ಕತೀನಿ," ಎಂದಳು.

ದಾಸಯ್ಯ ನನ್ನತ್ತ ತಿರುಗಿದ. ಅದು ಲಾರಿಗೆ ಹೋಯಿತು, ಫ್ಯಾಕ್ಟರಿಯ ಒಲೆಗೆ ಉರುವಲಾಗಿ ಹಾಕುತ್ತಾರೆ ಎಂದು ನಾನೇ ಹೇಳಬೇಕಾಯಿತು.

ಚಿಕ್ಕಬೀರಮ್ಮ ಅಳಲಿಲ್ಲ. ತಮ್ಮನನ್ನೇ ನೋಡಿದಳು.

"ಮಣ್ ಮಾಡೋ ಜನ ಕಣ್ಲಾ ನಾವು. ನನ್ ಮಗನ್ನ ಸುಡಕ್ ಕಳಿಸ್‌ಬುಟ್ಯಾ?"

ನಾಲ್ಕು ದಿನ ಬಿಟ್ಟು ದಾಸಯ್ಯ ವಸಂತನ ಗೆಳೆಯರ ಫೋನಿನಿಂದ ಅವನ ಬೇರೊಂದು ಪಟ ಪ್ರಿಂಟ್ ತೆಗೆಸಿ, ಕಟ್ಟು ಹಾಕಿಸಿ ತಂದ. ಒಬ್ಬನೇ ಹೋಗಲು ಧೈರ್ಯವಿಲ್ಲದೆ ನನ್ನನ್ನೂ ಕರೆದ. ಅಕ್ಕ ಪಟ ಇಸಕೊಂಡಳು, ನನಗೆ ಚಾಪೆ ಹಾಸಿದಳು. ತಮ್ಮನಿಗೆ ಕೂರು ಅನ್ನಲಿಲ್ಲ.