ಗಾಳಿಗೆ ದಾರಿ ಮಾಡಿದ ಮಿಸ್ತ್ರಿ

ನಾನು ವಾಡಿಯಲ್ಲಿ ಮಾಸ್ತರನಾಗಿದ್ದಾಗ ಪಕ್ಕದ ಮನೆಯಲ್ಲಿ ಒಬ್ಬ ಮಿಸ್ತ್ರಿ ಇದ್ದರು. ಯುದ್ಧದ ಕಾಲದಲ್ಲಿ ವಿಮಾನದ ಎಂಜಿನ್ ರಿಪೇರಿ ಮಾಡಿದವರು. ಈಗ ಒಬ್ಬರೇ ಕೂಡುವಂಥ ಸಣ್ಣ ವಿಮಾನವನ್ನು ಹಿತ್ತಲಲ್ಲಿ ತಾವೇ ಕಟ್ಟುತ್ತಿದ್ದರು. ಎಂಜಿನ್ ಮೇಲೆ ಅಂಗೈಯನ್ನು ಮುಂದಿನಿಂದ ಹಿಂದಕ್ಕೆ ಸವರುತ್ತ, "ಬಂದ ಗಾಳಿ ಹೋಗಬೇಕ್ರಿ ಮಾಸ್ತರ" ಎನ್ನುವುದು ಅವರ ಅಭ್ಯಾಸ.

ಹತ್ತಿರದ ರಾವೂರಿನ ಬಯಲಲ್ಲಿ ವಿಮಾನ ಹಾರಿಸುವ ದಿನ ಊರೇ ಸೇರಿತ್ತು. ಎಂಜಿನ್ ಚಾಲೂ ಮಾಡಿದ ಸ್ವಲ್ಪ ಹೊತ್ತಿಗೆ ಕಾವು ತೋರಿಸುವ ಮುಳ್ಳು ಕೆಂಪು ಗೆರೆ ದಾಟಿತು. ಅವರು ಎಂಜಿನ್ ನಿಲ್ಲಿಸಿ ಕೆಳಗಿಳಿದರು.

"ಇವತ್ತು ಹಾರಂಗಿಲ್ಲ. ಹಿಂದಿನ ಸಿಲಿಂಡರ್ ಭಾಳ ಕಾಯ್ಲಿಕತ್ತದ."

"ಮಿಸ್ತ್ರಿ ಅಂಜ್ಯಾನ!" ಎಂದು ಯಾರೋ ಕೂಗಿದರು. ಜನ ನಕ್ಕರು. ಮಿಸ್ತ್ರಿ ವಿಮಾನವನ್ನು ಮನೆಗೆ ಒಯ್ಯಲು ರೆಕ್ಕೆ ಬಿಚ್ಚತೊಡಗಿದರು.

ಎಂಜಿನ್ ತಂಪಾಗಲು ಗಾಳಿ ಒಳಬರುವ ಮುಂದಿನ ಕಿಂಡಿ ದೊಡ್ಡದು ಮಾಡಿದರೆ ಹೇಗೆ ಎಂದು ಮನೆಯಲ್ಲಿ ಕೇಳಿದೆ.

"ಬರೋ ಗಾಳಿ ಸಾಕಷ್ಟದರಿ. ಸಿಲಿಂಡರಿಗೆ ತಾಗದಂಗ ಸಂದ್ಯಾಗ ಹಾದು ಹೋಗ್ಲಿಕತ್ತದ."

ಎಣ್ಣೆ ಡಬ್ಬಿಯ ತಗಡು ಕತ್ತರಿಸಿ ಅವರು ಆ ಸಂದಿಗಳನ್ನೆಲ್ಲ ಮುಚ್ಚಿದರು. ಬಿಸಿಗಾಳಿ ಹೊರಹೋಗುವ ಕೆಳಗಿನ ಕಿಂಡಿಯನ್ನು ಅಗಲ ಮಾಡಿದರು.

ಹದಿನೈದು ದಿನ ಬಿಟ್ಟು ಬಯಲಿಗೆ ಹೋದಾಗ ನಾವಿಬ್ಬರೇ ಇದ್ದೆವು. ಎಷ್ಟು ಹೊತ್ತು ಓಡಿಸಿದರೂ ಮುಳ್ಳು ಕೆಂಪು ಗೆರೆಯ ಹತ್ತಿರ ಬರಲಿಲ್ಲ. ಮಿಸ್ತ್ರಿ ಕಲ್ಲುಗಣಿಗಳ ಮೇಲೆ ಒಂದು ಸುತ್ತು ಹಾರಿ ಬಂದರು. ಇಳಿದವರೇ ನೆಲದ ಮೇಲೆ ಕುಳಿತುಬಿಟ್ಟರು.

"ಅಂಜಿಕಿ ಆಯ್ತೇನ್ರಿ?" ಎಂದೆ.

"ಅವತ್ತೂ ಅಂಜಿದ್ದೆ, ಇವತ್ತೂ ಅಂಜಿದ್ದೆ. ನನ್ನ ಅಂಜಿಕಿಗಿ ನಾ ನಿಂದ್ರಂಗಿಲ್ಲರಿ. ಎಂಜಿನ್ ಕಾದ್ರ ನಿಂದರ್ತೀನಿ."