ನೆರಳಿಲ್ಲದ ಗಿರಾಕಿ

ನಲವತ್ತು ವರ್ಷ ಫೋಟೋ ಸ್ಟುಡಿಯೋ ನಡೆಸಿದವನಿಗೆ ಪಾರ್ಕಿನ್ಸನ್ ಕಾಯಿಲೆ ಬಂದು ಕೈ ನಡುಗತೊಡಗಿದಾಗ ಕ್ಯಾಮೆರಾ ಬೀರು ಸೇರಿತು. ಆರು ವರ್ಷ ಕಳೆದ ಮೇಲೆ, ಛತ್ರಿ ಹಿಡಿದ ಹೆಂಗಸೊಬ್ಬಳು ದಿನಾ ಮಧ್ಯಾಹ್ನ ಕಿಟಕಿಯ ಪಕ್ಕದ ಕುರ್ಚಿಗೆ ಬಂದು ಕೂರತೊಡಗಿದಳು. ಅವಳು ಕಾಣುತ್ತಿದ್ದುದು ಆತನೊಬ್ಬನಿಗೇ. ಆತ ಹೆದರಲಿಲ್ಲ.

"ಇಷ್ಟು ಬೆಳಕಿದ್ರೂ ಅವಳ ನೆರಳು ಬೀಳ್ತಿಲ್ಲ. ಸುಳ್ಳು ಗಿರಾಕಿ," ಎಂದು ಹೆಂಡತಿಗೆ ಹೇಳುತ್ತಿದ್ದ.

ಒಂದು ಮಂಗಳವಾರ ಆತನ ಕಣ್ಣಿಗೆ ಕೋಣೆ ತುಂಬ ಜನ ಕಂಡರು. "ಸ್ವಲ್ಪ ಒತ್ತಿಕೊಂಡು ನಿಂತ್ಕೊಳ್ರೀ!" ಎಂದು ಖಾಲಿ ಗೋಡೆಯ ಮೇಲೆ ರೇಗಾಡಿದ.

"ನೆರಳು ನೋಡಿದ್ರಾ?" ಎಂದಳು ಹೆಂಡತಿ.

"ಎಲ್ರಿಗೂ ಇದೆ ಕಣೇ. ನಿನಗೇನು ಕಣ್ಣು ಕಾಣಲ್ವಾ?"

ತಲೆ ಕೆಟ್ಟಿದೆ, ನಿದ್ದೆ ಮಾತ್ರೆ ಕೊಡಿ ಎಂದ ಮೈದುನನಿಗೆ "ನೀನು ಬಾಯಿ ಮುಚ್ಕೊಂಡಿರು" ಎಂದು ಹೇಳಿ, ಇಂಥ ಭ್ರಮೆ ದಿಢೀರನೆ ಹೆಚ್ಚಿದರೆ ಮೊದಲು ಸೋಂಕು ಇದೆಯೇ ನೋಡಿಸಿ ಎಂದು ಡಾಕ್ಟರು ಹಿಂದೆ ಹೇಳಿದ್ದನ್ನು ನೆನೆದು, ಆಕೆ ಗಂಡನ ಮೂತ್ರದ ಬಾಟಲಿ ಹಿಡಿದು ಲ್ಯಾಬಿಗೆ ನಡೆದಳು. ಜ್ವರವಿರಲಿಲ್ಲ, ಆದರೆ ಮೂತ್ರದಲ್ಲಿ ಸೋಂಕಿತ್ತು. ಡಾಕ್ಟರು ಆ್ಯಂಟಿಬಯಾಟಿಕ್ ಬರೆದುಕೊಟ್ಟರು.

ಆರನೇ ದಿನ ಆತ ಕಿಟಕಿಯ ಕಡೆ ನೋಡಿ, "ಛತ್ರಿಯವಳೊಬ್ಬಳೇ ಇದಾಳೆ. ನೆರಳಿಲ್ಲ," ಎಂದ.

ಹೆಂಡತಿ ಚಹಾದ ಲೋಟ ಚಾಚಿದಳು. ಆತ ಕೈ ನೀಡುವ ಮೊದಲು ಹೆಂಡತಿಯ ಕಾಲ ಬಳಿಯ ನೆಲವನ್ನೊಮ್ಮೆ ನೋಡಿಕೊಂಡ.